ಪಾತ್ರವೋ, ಬೆಳಕೋ, ಸ್ಟೇಜ್ ಮ್ಯಾನೇಜ್‌ಮೆಂಟೋ? ವಿದ್ಯಾರ್ಥಿ ನಾಟಕದ ಮೂರು ಕೆಲಸಗಳ ಹೋಲಿಕೆ

ವಿಶ್ವವಿದ್ಯಾಲಯದ ನಾಟಕ ತಂಡಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಒಂದೇ: ಪಾತ್ರ ಸಿಗುತ್ತಾ? ಪಾತ್ರ ಸಿಗದವರನ್ನು ಬ್ಯಾಕ್‌ಸ್ಟೇಜಿಗೆ ಕಳಿಸುವುದು ಎಷ್ಟೋ ತಂಡಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ನನಗಂತೂ ಇದು ಸರಿ ಕಾಣುವುದಿಲ್ಲ. ಓದುವ ದಿನಗಳಲ್ಲಿ ನಾನು ನಟನೆ ಮಾಡಿದ್ದೇನೆ, ಬೆಳಕು ನೋಡಿಕೊಂಡಿದ್ದೇನೆ, ತಾಲೀಮು, ಪ್ರದರ್ಶನ ಎರಡನ್ನೂ ತೆರೆಯ ಹಿಂದಿನಿಂದ ನಡೆಸುವ ಸ್ಟೇಜ್ ಮ್ಯಾನೇಜರ್ ಆಗಿಯೂ ನಿಂತಿದ್ದೇನೆ. ಮೂರೂ ಕಲಿಸುವುದು ಬೇರೆ ಬೇರೆ, ಕೇಳುವ ಬೆಲೆಯೂ ಬೇರೆ ಬೇರೆ. ವರ್ಷಕ್ಕೆ ಒಂದೇ ನಾಟಕಕ್ಕೆ ಬಿಡುವಿರುವ ವಿದ್ಯಾರ್ಥಿ ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೆ ನನ್ನ ಬಳಿ ಒಂದು ಖಚಿತವಾದ ಉತ್ತರ ಇದೆ. ಸೆಟ್, ಮೇಕಪ್, ವೇಷಭೂಷಣಗಳಲ್ಲಿ ಸುಮ್ನೆ ಕೈಜೋಡಿಸಿದ್ದು ಬಿಟ್ಟರೆ ಹೊಣೆ ಹೊತ್ತಿಲ್ಲ. ಹಾಗಾಗಿ ಅವುಗಳ ಮಾತು ಇಲ್ಲಿ ಬರುವುದಿಲ್ಲ.

ಸಮಯದ ಲೆಕ್ಕ

ಇದನ್ನು ಮೊದಲೇ ಹೇಳಿಬಿಡಬೇಕು. ನಡುವೆ ನಾಟಕ ಬಿಟ್ಟು ಹೋಗುವವರಲ್ಲಿ ಹೆಚ್ಚಿನವರಿಗೆ ಆಸಕ್ತಿ ಇರುತ್ತದೆ, ಸಮಯ ಹೊಂದುವುದಿಲ್ಲ ಅಷ್ಟೆ.

ನಟನೆಗೆ ಬೇಕಾದ ಸಮಯ ಹರಡಿಕೊಂಡಿರುತ್ತದೆ. ಮೊದಲ ರೀಡಿಂಗಿನಿಂದ ಕೊನೆಯ ಪ್ರದರ್ಶನದವರೆಗೆ ಸಂಜೆಗಳು ತಾಲೀಮಿಗೆ ಹೋಗುತ್ತವೆ. ಮಾತು ಬಾಯಿಪಾಠ ಮಾಡುವ ಹೊತ್ತು ಬೇರೆ. ಸಣ್ಣ ಪಾತ್ರವಾದರೆ ಕೆಲಸ ಕಡಿಮೆ, ಕಾಯುವುದು ಜಾಸ್ತಿ. ಕಾಯುವಾಗ ಪಾಠ ಓದಿಕೊಳ್ಳಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಕಣ್ಣು ಪುಸ್ತಕದಲ್ಲಿದ್ದರೂ ಕಿವಿ ದೃಶ್ಯದ ಮೇಲೇ ಇರುತ್ತದೆ.

ಬೆಳಕು ಇದಕ್ಕೆ ತೀರಾ ಉಲ್ಟಾ. ಮೊದಲ ವಾರಗಳಲ್ಲಿ ಸ್ಕ್ರಿಪ್ಟ್ ಓದಿ, ನಿರ್ದೇಶಕರ ಜೊತೆ ಕೂತು ಮಾತಾಡಿ, ಕೆಲವು ರನ್ ಥ್ರೂ (ನಡುವೆ ನಿಲ್ಲಿಸದೆ ಪೂರ್ತಿ ಆಡುವ ತಾಲೀಮು) ನೋಡಿದರೆ ಸಾಕು. ಕೊನೆಯ ವಾರ ಮಾತ್ರ ಉಸಿರಾಡಲು ಬಿಡುವುದಿಲ್ಲ. ದೀಪ ಕಟ್ಟುವುದು, ಫೋಕಸ್ ಮಾಡುವುದು, ಒಂದೊಂದೇ ಕ್ಯೂ (ಬೆಳಕೋ ಸದ್ದೋ ಬದಲಾಗಬೇಕಾದ ಕ್ಷಣದ ಸೂಚನೆ) ಕೂರಿಸುವುದು, ಬೆಳಕು ಸದ್ದುಗಳನ್ನು ನಟರ ಜೊತೆ ಹೊಂದಿಸುವ ಟೆಕ್ನಿಕಲ್ ರಿಹರ್ಸಲ್, ಗ್ರ್ಯಾಂಡ್ ರಿಹರ್ಸಲ್, ಎಲ್ಲ ಅಲ್ಲೇ ಬಂದು ಬೀಳುತ್ತವೆ. ಪರೀಕ್ಷೆಯೂ ಅದೇ ವಾರ ಇದ್ದರೆ ಬೆಳಕಿನ ಕೆಲಸ ಒಪ್ಪಿಕೊಳ್ಳಲೇಬೇಡಿ.

ಸ್ಟೇಜ್ ಮ್ಯಾನೇಜರ್‌ಗೆ ಇವೆರಡೂ ಸೇರಿ ಬರುತ್ತವೆ. ಪ್ರತಿ ತಾಲೀಮಿಗೂ ಹೋಗಬೇಕು, ಕೊನೆಯ ವಾರವನ್ನೂ ಪೂರ್ತಿ ಕೊಡಬೇಕು. ಎಲ್ಲರಿಗಿಂತ ಮೊದಲು ಬಂದು ಸೆಟ್ಟಿನ ಜಾಗ ಗುರುತಿಸಲು ನೆಲದ ಮೇಲೆ ಟೇಪ್ ಹಾಕಿ, ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವುದು ಇದೇ ಮನುಷ್ಯ. ಸಮಯದ ಲೆಕ್ಕದಲ್ಲಿ ಇದು ಅತಿ ದುಬಾರಿ. ಹಾಗಿದ್ದರೂ ನಾನು ಇದರ ಪರ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಟನೆ

ಮಾತು ನೆನಪಿಟ್ಟುಕೊಳ್ಳುವುದು ಕಷ್ಟ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜವಾದ ಕಷ್ಟ ಕೇಳಿಸಿಕೊಳ್ಳುವುದು. ಎದುರಿನವರ ಮಾತು ಮುಗಿಯುವುದನ್ನು ಕಾಯುವುದು ಬೇರೆ, ಅವರ ಮಾತು ನಮಗೆ ತಾಗಿ ಅದಕ್ಕೆ ಉತ್ತರ ಹುಟ್ಟುವುದು ಬೇರೆ. ಮೊದಲನೆಯದು ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ಕೂತು ಬಾಯಿಪಾಠ ಮಾಡಿದ ಮಾತು, ಎದ್ದು ನಡೆಯಲು ಶುರು ಮಾಡಿದ ಕೂಡಲೇ ಜಾರಿಹೋಗುವುದನ್ನು ನಾನು ಬಹಳ ನಟರಲ್ಲಿ ನೋಡಿದ್ದೇನೆ. ನನಗೆ ಫಲ ಕೊಟ್ಟಿದ್ದು ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅನ್ನುವ ನಿರ್ಧಾರ) ಆದ ಮೇಲೆ ನಡೆಯುತ್ತಾ ಕಲಿಯುವುದು. ಕುರ್ಚಿಯ ಹಿಂದೆ ಬಂದಾಗ ಈ ವಾಕ್ಯ, ಕಿಟಕಿಗೆ ತಿರುಗಿದಾಗ ಆ ವಾಕ್ಯ. ಜೊತೆಗೆ ನನ್ನ ಮಾತಿಗೆ ಮುಂಚೆ ಬರುವ ಎದುರಿನವರ ಕೊನೆಯ ಕೆಲವು ಪದಗಳನ್ನೂ ಸೇರಿಸಿ ಕಲಿಯುತ್ತಿದ್ದೆ. ಹೀಗೆ ಮಾಡಿದರೆ ಮಾತು ಮೈಯಲ್ಲೇ ಕೂರುತ್ತದೆ.

ಇನ್ನು ಕೊರತೆ. ಪಾತ್ರ ಸಿಗುವುದು ನಮ್ಮ ಕೈಯಲ್ಲಿಲ್ಲ, ಆಡಿಷನ್ ಮಾಡುವವರ ಕೈಯಲ್ಲಿದೆ. ಅದಕ್ಕಿಂತ ದೊಡ್ಡ ಕೊರತೆ ಅಂದ್ರೆ, ನಟರಿಗೆ ಕಾಣುವುದು ನಾಟಕದಲ್ಲಿ ತಮ್ಮ ಪಾಲು ಮಾತ್ರ. ನನ್ನ ದೃಶ್ಯ ಯಾಕೆ ಅಷ್ಟು ಬೇಗ ಮುಗಿಯಬೇಕು, ಆ ಮೇಜು ಯಾಕೆ ಅಲ್ಲೇ ಇರಬೇಕು ಅನ್ನುವುದು ರಂಗದ ಮೇಲೆ ನಿಂತವರಿಗೆ ತಿಳಿಯುವುದೇ ಇಲ್ಲ. ಟೆಕ್ನಿಕಲ್ ರಿಹರ್ಸಲ್ ದಿನ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲಿಸಿದಾಗ ನಟರಿಗೆ ಸಿಟ್ಟು ಬರುವುದೂ ಇದಕ್ಕೇ.

ಬೆಳಕು

ಮೂರರಲ್ಲಿ ಕೈಗೆ ಬೇಗ ಹತ್ತುವ ವಿದ್ಯೆ ಇದು. 1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಧ್ಯಾಪಕ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ ಒಂದು ಸರಳ ವಿಧಾನವನ್ನು ಬರೆದಿಟ್ಟರು. ರಂಗವನ್ನು ಚಿಕ್ಕ ಚಿಕ್ಕ ಜಾಗಗಳಾಗಿ ಹಂಚಿಕೊಳ್ಳಿ. ಪ್ರತಿ ಜಾಗಕ್ಕೂ ಎಡದಿಂದೊಂದು ಬಲದಿಂದೊಂದು ದೀಪ, ಸುಮಾರು 45 ಡಿಗ್ರಿ ಎತ್ತರದಿಂದ. ಒಂದಕ್ಕೆ ಬೆಚ್ಚಗಿನ ಬಣ್ಣ, ಇನ್ನೊಂದಕ್ಕೆ ತಂಪು ಬಣ್ಣ. ವಿದ್ಯಾರ್ಥಿ ತಂಡಗಳ ಹತ್ತಿರ ಇರುವ ಕಡಿಮೆ ದೀಪಗಳಲ್ಲಿ ಮುಖ ಚೆನ್ನಾಗಿ ಕಾಣುವಂತೆ ಮಾಡಲು ಇವತ್ತಿಗೂ ನಾನು ಇಲ್ಲಿಂದಲೇ ಶುರು ಮಾಡು ಅಂತ ಹೇಳುತ್ತೇನೆ.

ದೀಪಗಳ ಗುಣ ತಿಳಿದರೆ ಅರ್ಧ ಕೆಲಸ ಆದ ಹಾಗೆ. ಪ್ರೊಫೈಲ್ ದೀಪದ ಬೆಳಕಿಗೆ ಅಂಚು ಚೂಪಾಗಿರುತ್ತದೆ, ಶಟರ್ ತಳ್ಳಿ ಕಿಟಕಿಯ ಆಕಾರಕ್ಕೂ ಕತ್ತರಿಸಬಹುದು. ಫ್ರೆನೆಲ್ ದೀಪದ ಅಂಚು ಮೆತ್ತಗೆ ಕರಗಿಹೋಗುತ್ತದೆ. ಅದರ ಗಾಜನ್ನು 1820ರ ದಶಕದಲ್ಲಿ ಅಗಸ್ಟಿನ್ ಫ್ರೆನೆಲ್ ಮಾಡಿದ್ದು ದೀಪಸ್ತಂಭಗಳಿಗಾಗಿ. ಹ್ಯಾಲೊಜೆನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ತಲೆಯ ಮೇಲೆ ಕಟ್ಟಿದ ಪ್ರತಿ ದೀಪಕ್ಕೂ ಕ್ಲಾಂಪ್ ಅಲ್ಲದೆ ಒಂದು ಸೇಫ್ಟಿ ಚೈನ್ ಬೇಕೇ ಬೇಕು. ಇದರಲ್ಲಿ ರಾಜಿ ಇಲ್ಲ.

ಬೆಳಕು ಕೊಡುವ ಸಂತೋಷ ಎಂಥದ್ದು ಅಂದ್ರೆ, ಒಂದು ನಾಟಕದ ಕೊನೆಗೆ ತಾಯಿಯ ಪಾತ್ರ ಖಾಲಿ ಕುರ್ಚಿಯನ್ನು ನೋಡುತ್ತಾ ನಿಲ್ಲುತ್ತಿತ್ತು. ಬೆಳಕು 3 ಸೆಕೆಂಡಿನಲ್ಲಿ ಆರಿದರೆ ಜನ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದರು. ಅದನ್ನೇ 8 ಸೆಕೆಂಡಿಗೆ ಎಳೆದು, ಕುರ್ಚಿಯ ಮೇಲಿನ ಬೆಳಕನ್ನು ಎಲ್ಲಕ್ಕಿಂತ ಕೊನೆಗೆ ಆರಿಸಿದೆವು. ಚಪ್ಪಾಳೆ ಬರಲು ತಡವಾಯಿತು. ಆ ತಡದಲ್ಲೇ ನಾಟಕ ಇತ್ತು. ನಟಿ ತನ್ನ ಕೆಲಸದಲ್ಲಿ ಒಂಚೂರೂ ಬದಲಾಯಿಸಿರಲಿಲ್ಲ.

ಕೊರತೆ ಏನಪ್ಪಾ ಅಂದ್ರೆ, ಸಲಕರಣೆ ಇಲ್ಲದೆ ಇದನ್ನು ಕಲಿಯಲಾಗದು. ನಟನೆಗೆ ಖಾಲಿ ಕೋಣೆ ಸಾಕು. ಬೆಳಕಿಗೆ ದೀಪ ಬೇಕು, ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಬೇಕು, ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ಕನ್ಸೋಲ್ ಬೇಕು, ಅದನ್ನು ಮುಟ್ಟಲು ಅನುಮತಿಯೂ ಬೇಕು. ಜೊತೆಗೆ ಕೊನೆಯ ವಾರದವರೆಗೆ ತಂಡದ ಒಡನಾಟವೂ ಅಷ್ಟಾಗಿ ಸಿಗುವುದಿಲ್ಲ.

ಸ್ಟೇಜ್ ಮ್ಯಾನೇಜ್‌ಮೆಂಟ್

ಇದರ ಹೃದಯ ಪ್ರಾಂಪ್ಟ್ ಬುಕ್. ಒಂದು ಪುಟದಲ್ಲಿ ಸ್ಕ್ರಿಪ್ಟ್, ಎದುರು ಪುಟ ಖಾಲಿ. ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆದರು ಅನ್ನುವುದೆಲ್ಲ ಆ ಖಾಲಿ ಪುಟಕ್ಕೆ ಹೋಗುತ್ತದೆ. ಬರೆಯುವುದು ಪೆನ್ಸಿಲಿನಲ್ಲೇ, ಯಾಕೆಂದರೆ ನಿರ್ದೇಶಕರು ನಾಳೆ ಬದಲಾಯಿಸುತ್ತಾರೆ. ಎಡ ಬಲ ಅಂತ ಬರೆಯುವುದು ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟರ ಎಡ ಬಲ. ಹೊಸಬರಿಗೆ ಇದು ಮೊದಮೊದಲು ತಲೆ ತಿರುಗಿಸುತ್ತದೆ, ಆಮೇಲೆ ಮೈಗೂಡುತ್ತದೆ.

ಪ್ರದರ್ಶನದ ದಿನ ಎಲ್ಲ ಕ್ಯೂಗಳನ್ನೂ ಕೂಗುವುದು ಸ್ಟೇಜ್ ಮ್ಯಾನೇಜರ್. ಮೊದಲು ಸ್ಟ್ಯಾಂಡ್‌ಬೈ, ಆಮೇಲೆ ‘ಲೈಟ್ 23, ಗೋ’. ಗೋ ಅನ್ನುವುದು ಕೊನೆಗೇ ಬರಬೇಕು, ಆಪರೇಟರ್ ಬೆರಳು ಒತ್ತುವುದು ಆ ಒಂದು ಸದ್ದಿಗೆ. ಹಾಗಾಗಿ ಹೆಡ್‌ಸೆಟ್‌ನಲ್ಲಿ ಬೇರೆ ಯಾವ ಮಾತಿಗೂ ಆ ಪದ ಬಳಸುವ ಹಾಗಿಲ್ಲ.

ಒಂದು ಪ್ರದರ್ಶನದಲ್ಲಿ ನಟರೊಬ್ಬರು ಕಾಗದ ಓದುವ ದೃಶ್ಯದಿಂದ ನೇರವಾಗಿ ಜಗಳದ ದೃಶ್ಯಕ್ಕೆ ಹಾರಿಬಿಟ್ಟರು. ನಡುವೆ ಎರಡು ಲೈಟ್ ಕ್ಯೂ, ಒಂದು ಬಾಗಿಲ ಗಂಟೆಯ ಸದ್ದು ಇತ್ತು. ಗಂಟೆ ಈಗ ಬಾರಿಸಿದರೆ ಬರುವವರು ಯಾರೂ ಇಲ್ಲ. ‘ಲೈಟ್ 31, 32 ಬಿಡಿ. ಗಂಟೆ ಬೇಡ. ಲೈಟ್ 33 ಸ್ಟ್ಯಾಂಡ್‌ಬೈ’ ಅಂದೆ. ಆಪರೇಟರ್‌ಗಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಷ್ಟೋ ಸಂಜೆಗಳ ತಾಲೀಮಿನಲ್ಲಿ ಬೆಳೆದ ನಂಬಿಕೆ ಅದು. ಕೂತಿದ್ದ ಜನಕ್ಕೆ ಏನೂ ಗೊತ್ತಾಗಲಿಲ್ಲ.

ಇದರ ಹೊಣೆ ಕಲೆಗಷ್ಟೇ ನಿಲ್ಲುವುದಿಲ್ಲ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ಥಿಯೇಟರಿನಲ್ಲಿ ಆರ್ಕ್ ದೀಪದ ಕಿಡಿ ಪರದೆಗೆ ತಗುಲಿ ಬೆಂಕಿ ಎದ್ದಿತು. ಬೆಂಕಿ ತಡೆಯುವ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತು, ಹೊರಹೋಗುವ ಹಲವು ಬಾಗಿಲುಗಳು ತೆರೆಯಲಿಲ್ಲ. 602 ಜನ ಸತ್ತರು. ವಿದ್ಯಾರ್ಥಿ ನಾಟಕಕ್ಕೆ ಜನ ತುಂಬಿದಾಗ ಬಾಗಿಲ ಮುಂದೆ ಇನ್ನಷ್ಟು ಕುರ್ಚಿ ಹಾಕೋಣ ಅನ್ನುವವರು ಇದ್ದೇ ಇರುತ್ತಾರೆ. ಆಗ ಬೇಡ ಅನ್ನುವ, ಕುರ್ಚಿ ತೆಗೆಯುವವರೆಗೆ ನಾಟಕ ಶುರು ಮಾಡುವುದಿಲ್ಲ ಅನ್ನುವ ಅಧಿಕಾರ ಸ್ಟೇಜ್ ಮ್ಯಾನೇಜರ್‌ಗೆ ಇರಬೇಕು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಹಿರಿಯರ ಎದುರು ನಿಂತು ಇದನ್ನು ಹೇಳಿ ಗೆದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಚಿಕೆ ಸ್ವಭಾವದವರಿಗೆ ಬ್ಯಾಕ್‌ಸ್ಟೇಜ್ ಸರಿ ಅನ್ನುವ ಮಾತನ್ನು ಅವತ್ತಿನಿಂದ ನಾನು ಒಪ್ಪುವುದಿಲ್ಲ.

ಕೊರತೆ? ಚಪ್ಪಾಳೆ ಇಲ್ಲ. ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣುವುದಿಲ್ಲ. ತಂಡ ತೆರೆಯ ಹಿಂದೆ ದುಡಿದವರ ಹೆಸರನ್ನು ಕೊನೆಗೆ ಒಂದೊಂದಾಗಿ ಹೇಳಿ ಪರಿಚಯಿಸಬೇಕು ಅಂತ ನಾನು ಹಟ ಮಾಡುತ್ತೇನೆ. ‘ಮತ್ತು ಇತರರು’ ಅಂದರೆ ಸಾಲದು.

ಒಂದೇ ಕತ್ತಲೆ, ಮೂರು ಜಾಗ

ದೃಶ್ಯ ಬದಲಾಗುವ ಕೆಲವೇ ಸೆಕೆಂಡುಗಳ ಬ್ಲಾಕ್‌ಔಟ್ ತೆಗೆದುಕೊಳ್ಳಿ. ಮೂರು ಕೆಲಸಗಳ ವ್ಯತ್ಯಾಸ ನನಗೆ ಅತಿ ಸ್ಪಷ್ಟವಾಗಿ ಕಂಡಿದ್ದು ಇಲ್ಲೇ.

ನಟರ ಕಣ್ಣು ಜೋರು ಬೆಳಕಿಗೆ ಹೊಂದಿಕೊಂಡಿರುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಪಳಗಲು 20ರಿಂದ 30 ನಿಮಿಷ ಬೇಕು, ಅಲ್ವಾ? ಇಲ್ಲಿ ಸಿಗುವುದು ಸೆಕೆಂಡುಗಳು. ಹಾಗಾಗಿ ಹೆಜ್ಜೆ ಎಣಿಸಿಟ್ಟುಕೊಳ್ಳಬೇಕು, ಮೆಟ್ಟಿಲ ಅಂಚಿಗೆ ಹಚ್ಚಿದ ಹೊಳೆಯುವ ಟೇಪ್ ನೋಡಿ ನಡೆಯಬೇಕು. ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತಿದ್ದರೆ ಬೆಳಕು ಆರುವ ಮೊದಲೇ ಕಣ್ಣು ಮುಚ್ಚಿಕೊಂಡಿರುವುದು ಒಳ್ಳೆಯದು, ಸ್ವಲ್ಪವಾದರೂ ಕಾಣುತ್ತದೆ.

ಬೆಳಕಿನವರಿಗೆ ಅದೇ ಕತ್ತಲೆ ಬೇರೆ ಲೆಕ್ಕ. ಹಳೆಯ ಟಂಗ್‌ಸ್ಟನ್ ದೀಪದ ತಂತಿ ತಣ್ಣಗಾಗಲು ಚೂರು ಹೊತ್ತು ಬೇಕು, ಬೆಳಕು ಕೆಂಪಗಾಗಿ ಆರುತ್ತದೆ. ಎಲ್‌ಇಡಿ ಕತ್ತರಿಸಿದ ಹಾಗೆ ಆರುತ್ತದೆ. ಎರಡೂ ಬೆರೆತಿದ್ದರೆ ಹೊಂದಿಸಬೇಕು. ವಿಂಗ್ಸ್‌ನಲ್ಲಿ (ರಂಗದ ಪಕ್ಕದ ಮರೆಯ ಜಾಗದಲ್ಲಿ) ಹಚ್ಚಿಟ್ಟ ನೀಲಿ ದೀಪ ಪ್ರೇಕ್ಷಕರಿಗೆ ಕಾಣದ ಹಾಗೆ ನೋಡಿಕೊಳ್ಳಬೇಕು.

ಸ್ಟೇಜ್ ಮ್ಯಾನೇಜರ್ ಕಾಯುತ್ತಿರುತ್ತಾರೆ. ಕುರ್ಚಿ ಹೊರಗೆ ಬಂತಾ, ನಟಿ ತನ್ನ ಜಾಗಕ್ಕೆ ಹೋದಳಾ, ಪರಿಕರ ಮೇಜಿನ ಮೇಲಿದೆಯಾ? ವಿಂಗ್ಸ್‌ನಿಂದ ‘ಕ್ಲಿಯರ್’ ಅನ್ನುವ ಸದ್ದು ಕಿವಿಗೆ ಬಿದ್ದ ಮೇಲೆಯೇ ಮುಂದಿನ ಗೋ. ಇಡೀ ನಾಟಕ ಆ ಹೊತ್ತಿನಲ್ಲಿ ಒಬ್ಬರ ಬಾಯಲ್ಲಿ ನಿಂತಿರುತ್ತದೆ.

ನನ್ನ ಆಯ್ಕೆ

ಮೊದಲ ನಾಟಕಕ್ಕೆ ಸಹಾಯಕ ಸ್ಟೇಜ್ ಮ್ಯಾನೇಜರ್ ಆಗಿ. ಎರಡನೆಯದಕ್ಕೆ ಆಡಿಷನ್ ಕೊಡಿ. ಪ್ರತಿ ತಾಲೀಮಿನಲ್ಲಿ ಕೂತು, ಪ್ರತಿ ಬದಲಾವಣೆ ಬರೆದುಕೊಂಡು, ಅದು ಯಾಕೆ ಬದಲಾಯಿತು ಅನ್ನುವುದನ್ನೂ ಕೇಳಿಸಿಕೊಂಡ ವಿದ್ಯಾರ್ಥಿ ಆಮೇಲೆ ರಂಗಕ್ಕೆ ಬಂದರೆ ಸಮಯಕ್ಕೆ ಸರಿಯಾಗಿ ಬರುತ್ತಾರೆ, ಪರಿಕರವನ್ನು ಇಡಬೇಕಾದ ಕಡೆಯೇ ಇಡುತ್ತಾರೆ, ಬೆಳಕನ್ನು ತಾವೇ ಹುಡುಕಿಕೊಳ್ಳುತ್ತಾರೆ. ನಾಟಕ ಬರೆಯುವ, ನಿರ್ದೇಶಿಸುವ ಆಸೆ ಇರುವವರಿಗಂತೂ ಬೇರೆ ದಾರಿಯೇ ಬೇಡ. ಹಾರ್ವರ್ಡ್‌ನಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ನಾಟಕ ಬರೆಯಲು ಕಲಿಸುತ್ತಿದ್ದಾಗ, ವಿದ್ಯಾರ್ಥಿಗಳ ನಾಟಕಗಳನ್ನು ರಂಗಕ್ಕೆ ತರಲೆಂದೇ ಒಂದು ಕಾರ್ಯಾಗಾರ ನಡೆಸುತ್ತಿದ್ದರು. ಕಾಗದದ ಮೇಲಿನ ನಾಟಕ ರಂಗದ ಮೇಲೆ ಏನಾಗುತ್ತದೆ ಅಂತ ಬರೆಯುವವರು ಕಣ್ಣಾರೆ ನೋಡಲೇಬೇಕು. ಅದಕ್ಕೆ ಪ್ರಾಂಪ್ಟ್ ಬುಕ್ ಹಿಡಿದು ಕೂರುವುದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೆಳಕನ್ನು ಯಾರಿಗೆ ಹೇಳುತ್ತೇನೆ? ಸಂಜೆ ಲ್ಯಾಬ್ ಇರುವವರಿಗೆ, ಕೆಲಸ ಮಾಡುತ್ತಾ ಓದುವವರಿಗೆ, ಒಂದು ವಾರ ಗಟ್ಟಿಯಾಗಿ ಬಿಡುವು ಮಾಡಿಕೊಳ್ಳಬಲ್ಲವರಿಗೆ.

ನಟನೆಯ ಆಸೆ ನಿದ್ದೆಗೆಡಿಸುತ್ತಿದ್ದರೆ ನನ್ನ ಈ ಕ್ರಮವನ್ನು ಬದಿಗಿಟ್ಟು ಸೀದಾ ಆಡಿಷನ್‌ಗೆ ಹೋಗಿ. ಆ ಆಸೆಯನ್ನು ಮುಂದೂಡಿದರೆ ಬೇರೆ ಕೆಲಸದಲ್ಲೂ ಮನಸ್ಸು ನಿಲ್ಲುವುದಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು: ಬೆಳಕಿನ ವಿನ್ಯಾಸ ಮಾಡಿ, ಪ್ರದರ್ಶನದ ದಿನ ಕನ್ಸೋಲ್ ಇನ್ನೊಬ್ಬರಿಗೆ ಕೊಟ್ಟು ಸಣ್ಣ ಪಾತ್ರ ಮಾಡಬಹುದು, ನಾನೂ ಮಾಡಿದ್ದೇನೆ, ನಡೆಯುತ್ತದೆ. ಸ್ಟೇಜ್ ಮ್ಯಾನೇಜರ್ ಆಗಿದ್ದು ಪಾತ್ರವನ್ನೂ ಒಪ್ಪಿಕೊಳ್ಳುವುದು ಮಾತ್ರ ಬೇಡ. ನೀವು ರಂಗದ ಮೇಲಿರುವಾಗ ಹೆಡ್‌ಸೆಟ್‌ನಲ್ಲಿ ಗೋ ಹೇಳಲು ಯಾರೂ ಇರುವುದಿಲ್ಲ.