ಪುಟ್ಟ ಮಗುವಿನೊಂದಿಗೆ ದ್ವೀಪಕ್ಕೆ ಹೊರಟವರೇ, ‘ಕಡಲಿನ ಎದುರೇ ಕೋಣೆ’ ಎಂಬ ಮಾತು ನಂಬಿ ಹಣ ಕಟ್ಟಬೇಡಿ

ನಾವು ಪ್ರವಾಸದಿಂದ ಹಿಂತಿರುಗಿ ಹನ್ನೊಂದು ದಿನಗಳಾದವು. ಒಂದು ವರ್ಷ ಎಂಟು ತಿಂಗಳಿನ ನನ್ನ ಮಗಳ ಎಡಗಾಲಿನ ಬೆರಳುಗಳ ಸಂದಿಯಲ್ಲಿ ಹವಳದ ಬಂಡೆ ಕೊಯ್ದ ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ನಾಚಿಕೆ. ಆ ವಸತಿಗೃಹವನ್ನು ಹುಡುಕಿದವಳು ನಾನು, ಮನೆಯವರಿಗೆಲ್ಲ ಅದರ ಚಿತ್ರ ತೋರಿಸಿ ಒಪ್ಪಿಸಿದವಳೂ ನಾನು. ಆದರೆ ನಿನ್ನೆ ನನ್ನ ಗೆಳತಿಯೊಬ್ಬಳು ತನ್ನ ಎರಡು ವರ್ಷದ ಮಗನೊಂದಿಗೆ ಹೋಗಲು ಅದೇ ಜಾಗವನ್ನು ಗುರುತಿಟ್ಟುಕೊಂಡಿರುವುದಾಗಿ ಹೇಳಿದಾಗ, ಸುಮ್ಮನಿರುವುದು ತಪ್ಪು ಎನ್ನಿಸಿತು. ದ್ವೀಪದ ಹೆಸರನ್ನೂ ವಸತಿಗೃಹದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಹೀಗೆ ಮೋಸಹೋಗುವುದು ಯಾವ ಕಡಲ ತೀರದಲ್ಲಾದರೂ ಸಾಧ್ಯ.

ಬುಕಿಂಗ್ ಮಾಡುವ ಮೊದಲು ನಾನು ಏನನ್ನೂ ಕೇಳದೆ ಹಣ ಕಟ್ಟಿದವಳಲ್ಲ. ಜಾಲತಾಣದ ಮೊದಲ ಚಿತ್ರದಲ್ಲಿ ಕಾಟೇಜಿನ ಮೆಟ್ಟಿಲಿನಿಂದ ನೀರಿನವರೆಗೆ ಬಿಳಿಯ ಮರಳು ಹಾಸಿತ್ತು, ಬಲಗಡೆ ಒಂದು ತೆಂಗಿನ ಮರ ಕಡಲಿನತ್ತ ಬಾಗಿತ್ತು, ಅದರ ನೆರಳಿನಲ್ಲಿ ಇಬ್ಬರು ಮಕ್ಕಳು ಬರಿಗಾಲಿನಲ್ಲಿ ಮರಳು ಅಗೆಯುತ್ತಿದ್ದರು. ಆ ಚಿತ್ರ ನೋಡಿಯೂ ತೃಪ್ತಿಯಾಗದೆ ನಾನು ಮ್ಯಾನೇಜರಿಗೆ ಸಂದೇಶ ಕಳುಹಿಸಿ ಒಂದೊಂದಾಗಿ ಕೇಳಿದ್ದೆ. ಆ ಸಂದೇಶಗಳು ಈಗಲೂ ನನ್ನ ಫೋನಿನಲ್ಲಿವೆ, ದಿನಕ್ಕೊಮ್ಮೆಯಾದರೂ ತೆಗೆದು ಓದಿಕೊಳ್ಳುತ್ತಿದ್ದೇನೆ.

“ಕೋಣೆಯಿಂದ ಕಡಲಿಗೆ ಎಷ್ಟು ದೂರ?” ಎಂದು ಕೇಳಿದ್ದಕ್ಕೆ “ಹದಿನೈದು ಹೆಜ್ಜೆ ಮೇಡಂ, ಮಧ್ಯೆ ರಸ್ತೆಯೂ ಇಲ್ಲ” ಎಂಬ ಉತ್ತರ ಬಂದಿತ್ತು. “ಚಿಕ್ಕ ಮಗು ನೀರಿಗೆ ಇಳಿಯಬಹುದೇ, ಆಳ ಹೇಗಿದೆ?” ಎಂದದ್ದಕ್ಕೆ “ಆಳವೇ ಇಲ್ಲ ಮೇಡಂ, ಬಹಳ ದೂರದವರೆಗೆ ಮೊಣಕಾಲಿನಷ್ಟೇ ನೀರು. ಮಕ್ಕಳಿರುವ ಕುಟುಂಬಗಳೇ ನಮ್ಮಲ್ಲಿಗೆ ಹೆಚ್ಚು ಬರುವುದು” ಎಂದಿದ್ದರು. ಮಗುವಿಗೆ ಕಟಕಟೆಯಿರುವ ಮಂಚ ಸಿಗುತ್ತದೆಯೇ ಎಂದರೆ “ಮಲಗಲು ಬೇಕಾದ ವ್ಯವಸ್ಥೆ ಮಾಡಿಕೊಡುತ್ತೇವೆ”, ವೈದ್ಯರು ಹತ್ತಿರವಿದ್ದಾರೆಯೇ ಎಂದರೆ “ದ್ವೀಪದಲ್ಲೇ ಆಸ್ಪತ್ರೆ ಇದೆ ಮೇಡಂ, ಚಿಂತೆ ಬೇಡ”. ಓದಿ ನೋಡಿ, ಇವುಗಳಲ್ಲಿ ಒಂದಾದರೂ ನೇರವಾದ ಸುಳ್ಳು ಇದೆಯೇ? ಇಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಎರಡು ದೋಣಿಗಳನ್ನು ಬದಲಾಯಿಸಿ, ಮಗುವಿಗೆ ದಾರಿಯಲ್ಲಿ ಮೂರು ಬಾರಿ ವಾಂತಿಯಾಗಿ, ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ನಾವು ಅಲ್ಲಿಗೆ ತಲುಪಿದೆವು. ಕಾಟೇಜಿನ ಬಾಗಿಲು ತೆರೆದು ಮುಂಭಾಗಕ್ಕೆ ಬಂದಾಗ ನೀರೇ ಕಾಣಲಿಲ್ಲ. ಕಣ್ಣು ಹಾಯುವಷ್ಟು ದೂರ ಪಾಚಿ ಹಿಡಿದ ಕಪ್ಪು ಬಂಡೆ, ಮುರಿದ ಸತ್ತ ಹವಳದ ರಾಶಿ, ನಡುನಡುವೆ ನಿಂತ ನೀರಿನ ಹೊಂಡಗಳು. ಆ ಹೊಂಡಗಳಲ್ಲಿ ಮೈಯೆಲ್ಲ ಮುಳ್ಳಿರುವ ಕಪ್ಪು ಉಂಡೆಗಳಂತಹ ಕಡಲ ಜೀವಿಗಳು. ಕಡಲು ಅದರಾಚೆ ಎಲ್ಲೋ ಒಂದು ಗೆರೆಯಂತೆ ಕಾಣುತ್ತಿತ್ತು. ಮರಳು ಎಲ್ಲಿ ಎಂದು ನನ್ನ ಪತಿ ಕೇಳಿದರು, ನಾನು ಉತ್ತರಿಸಲಿಲ್ಲ. ನಾವು ತಪ್ಪಾದ ಕಡೆ ನಿಂತಿರಬೇಕು, ಚಿತ್ರದಲ್ಲಿದ್ದ ತೀರ ಕಾಟೇಜಿನ ಇನ್ನೊಂದು ಬದಿಗೆ ಇರಬೇಕು ಎಂದು ನಿಜವಾಗಿಯೂ ಭಾವಿಸಿ ನಾನು ಇಡೀ ಆವರಣವನ್ನು ಒಂದು ಸುತ್ತು ಹಾಕಿ ಬಂದೆ.

ರಿಸೆಪ್ಷನಿನಲ್ಲಿ ಕೇಳಿದಾಗ ಮ್ಯಾನೇಜರ್ ನಗುತ್ತಲೇ ಹೇಳಿದರು: “ಇದು ಇಳಿತದ ಸಮಯ ಮೇಡಂ. ಸಂಜೆ ನೀರು ಬಂದುಬಿಡುತ್ತದೆ.” ನೀರು ಬಂದದ್ದು ಸಂಜೆ ಏಳರ ಸುಮಾರಿಗೆ, ಕತ್ತಲಾದ ಮೇಲೆ. ಬಂದ ನೀರು ಬಂಡೆಗಳನ್ನೆಲ್ಲ ಮುಚ್ಚಿ ನೇರವಾಗಿ ವಸತಿಗೃಹದ ಕಲ್ಲಿನ ತಡೆಗೋಡೆಗೆ ಅಪ್ಪಳಿಸುತ್ತಿತ್ತು. ಕಾಟೇಜಿನ ಕೊನೆಯ ಎರಡು ಮೆಟ್ಟಿಲುಗಳು ನೀರಿನಲ್ಲಿದ್ದವು. ಇಳಿತದಲ್ಲಿ ಬಂಡೆ, ಉಬ್ಬರದಲ್ಲಿ ಗೋಡೆ. ಇವೆರಡರ ನಡುವೆ ಒಂದು ಮಗು ಕುಳಿತು ಆಡುವಷ್ಟು ಅಗಲದ ಮರಳು ಯಾವ ಹೊತ್ತಿನಲ್ಲೂ ಅಲ್ಲಿ ಇರಲಿಲ್ಲ.

ಕಡಲ ತೀರದಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸದಲ್ಲ, ನನ್ನಂತಹವರಿಗೆ ಹೊಸದು. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುತ್ತವೆ, ಮತ್ತು ಅವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನಾವು ತಲುಪಿದ್ದು ಅಮಾವಾಸ್ಯೆಯ ಮಾರನೆಯ ದಿನ. ಮೊದಲ ದಿನ ಮಧ್ಯಾಹ್ನ ಒಂದೂವರೆಗೆ ಇದ್ದ ಇಳಿತ ಎರಡನೆಯ ದಿನ ಎರಡೂಕಾಲರ ಹೊತ್ತಿಗೆ, ಮೂರನೆಯ ದಿನ ಮೂರು ದಾಟಿದ ಮೇಲೆ. ಮಗು ಎಚ್ಚರವಾಗಿ ಆಡುವ ಅಪರಾಹ್ನವೆಲ್ಲ ನಮ್ಮ ಎದುರು ಬಂಡೆಗಳೇ ಇದ್ದವು. ಯಾವ ದಿನ ಯಾವ ಹೊತ್ತಿಗೆ ನೀರು ಎಲ್ಲಿರುತ್ತದೆ ಎಂಬ ಪಟ್ಟಿ ಮೊದಲೇ ಸಿಗುತ್ತದೆ. ಮ್ಯಾನೇಜರರ ಮೇಜಿನ ಹಿಂದಿನ ಗೋಡೆಗೂ ಅಂತಹ ಪಟ್ಟಿಯೊಂದನ್ನು ಅಂಟಿಸಿದ್ದರು. ನಾನು ನಮ್ಮ ದಿನಾಂಕಗಳನ್ನು ಬರೆದು ಕಳುಹಿಸಿದಾಗ ಅವರು ಅದನ್ನು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

ಎರಡನೆಯ ದಿನ ಬೆಳಗ್ಗೆ ಅವರೇ ಹೇಳಿದರು: “ಹತ್ತು ಗಂಟೆಗೆ ಹೋಗಿ ಮೇಡಂ, ಆಗ ನೀರು ಮಕ್ಕಳಿಗೆ ಸರಿಯಾಗಿರುತ್ತದೆ.” ನಾವು ಹೋದೆವು. ಬಂಡೆಗಳ ಮೇಲೆ ಮೊಣಕಾಲಿನ ಕೆಳಗಿನಷ್ಟು ನೀರಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು, ಕೆಳಗೆ ಏನಿದೆ ಎಂಬುದು ಕಾಣುತ್ತಿರಲಿಲ್ಲ. ನಾನು ಮಗಳ ಎರಡೂ ಕೈಗಳನ್ನು ಹಿಡಿದುಕೊಂಡಿದ್ದೆ. ಅವಳು ನಾಲ್ಕನೆಯ ಹೆಜ್ಜೆಗೆ ಕಿರುಚಿದಳು. ಎತ್ತಿ ನೋಡಿದರೆ ಕಾಲಿನಿಂದ ರಕ್ತ ಸುರಿಯುತ್ತಿತ್ತು. ಅವಳನ್ನು ಬರಿಗಾಲಿನಲ್ಲಿ ಇಳಿಸಿದ್ದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಚಿತ್ರದಲ್ಲಿದ್ದ ಮಕ್ಕಳೂ ಬರಿಗಾಲಿನಲ್ಲೇ ಇದ್ದರಲ್ಲ! ದ್ವೀಪದಲ್ಲೇ ಇರುವ ಆಸ್ಪತ್ರೆ ದ್ವೀಪದ ಇನ್ನೊಂದು ತುದಿಯಲ್ಲಿತ್ತು. ಅಲ್ಲಿಗಿರುವ ಒಂದೇ ರಸ್ತೆಯಲ್ಲಿ ವಾಹನ ಸಿಕ್ಕಿ ತಲುಪುವಾಗ ಒಂದು ಗಂಟೆ ಕಳೆದಿತ್ತು. ಹವಳ ಕೊಯ್ದ ಗಾಯದೊಳಗೆ ಅದರ ಸಣ್ಣ ಚೂರುಗಳು ಉಳಿದುಬಿಟ್ಟರೆ ಕೀವಾಗುತ್ತದೆ, ಮಾಗಲು ಬಹಳ ದಿನ ಬೇಕು ಎಂದು ಅಲ್ಲಿನ ವೈದ್ಯರು ತಾಳ್ಮೆಯಿಂದ ತಿಳಿಸಿ, ಬಹಳ ಹೊತ್ತು ತೊಳೆದು ಕಟ್ಟಿದರು. ಅವರಿಗೆ ನಾನು ಋಣಿ.

ನಿಜವಾಗಿ ಮೋಸಹೋದೆ ಎಂದು ನನಗೆ ಅರ್ಥವಾದದ್ದು ಆ ದಿನ ಸಂಜೆ. ಮಗಳನ್ನು ಮಲಗಿಸಿ ಹೊರಗೆ ಬಂದು ಕುಳಿತಿದ್ದೆ. ತಡೆಗೋಡೆಯ ಕೆಳಗೆ ಒಂದು ಮರದ ಬೊಡ್ಡೆ ಬೇರು ಮೇಲಾಗಿ ಬಿದ್ದಿತ್ತು, ಅಲೆ ಬಂದಾಗಲೆಲ್ಲ ಅಲುಗಾಡುತ್ತಿತ್ತು. ಹಿಂದಿನ ದಿನವೂ ಅದನ್ನು ನೋಡಿದ್ದೆ, ಗಮನಿಸಿರಲಿಲ್ಲ. ತೆಂಗಿನ ಬೊಡ್ಡೆ ಅದು. ಫೋನ್ ತೆಗೆದು ಆ ಮೊದಲ ಚಿತ್ರವನ್ನು ನೋಡಿದೆ, ಹಿಂದಿರುವ ಕಾಟೇಜಿನ ಕಿಟಕಿಗಳನ್ನು ಎಣಿಸಿದೆ, ಮೆಟ್ಟಿಲನ್ನು ನೋಡಿದೆ, ಮತ್ತೆ ಬೊಡ್ಡೆಯನ್ನು ನೋಡಿದೆ. ಚಿತ್ರದಲ್ಲಿ ಬಾಗಿ ನಿಂತಿದ್ದ ಮರವೇ ಅದು. ಮರ ನಿಂತಿದ್ದ ಜಾಗ ಈಗ ಕಡಲಿನಲ್ಲಿದೆ, ಮಕ್ಕಳು ಅಗೆಯುತ್ತಿದ್ದ ಮರಳೂ ಕಡಲಿನಲ್ಲಿದೆ. ಚಿತ್ರದಲ್ಲಿ ತಡೆಗೋಡೆಯೇ ಇರಲಿಲ್ಲ. ಇಷ್ಟು ದಿನ ನೂರು ಸಲ ನೋಡಿದ ಚಿತ್ರದಲ್ಲಿ ಇರದ ಗೋಡೆಯ ಮೇಲೆಯೇ ನಾನು ಕುಳಿತಿದ್ದೆ.

ಕೆಳಗೆ ದೋಣಿ ಕಟ್ಟುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಕಡಲು ಕೊರೆಯುತ್ತಿದೆ ಎಂದು ಗೋಡೆ ಕಟ್ಟಿದರು, ಗೋಡೆ ಕಟ್ಟಿದ ಮೇಲೆ ಉಳಿದಿದ್ದ ಮರಳೂ ಹೋಯಿತು ಎಂದರು. ಗೋಡೆಗೆ ಬಡಿದು ಹಿಂದಿರುಗುವ ಅಲೆ ಎದುರಿನ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬುದನ್ನು ಅವರಿಂದಲೇ ನಾನು ತಿಳಿದದ್ದು. ಮರ ಬಿದ್ದು ಮೂರು ಮಳೆಗಾಲ ಕಳೆಯಿತಂತೆ. ಮೂರು ಮಳೆಗಾಲ! ಇಷ್ಟೂ ಕಾಲ ಆ ಚಿತ್ರ ಜಾಲತಾಣದಲ್ಲಿ ಮೊದಲನೆಯದಾಗಿಯೇ ಉಳಿದಿದೆ.

ಫೋನನ್ನು ಹಾಗೆಯೇ ಕೈಯಲ್ಲಿ ಹಿಡಿದು ಮ್ಯಾನೇಜರರ ಬಳಿಗೆ ಹೋದೆ. ಅವರ ಉತ್ತರವನ್ನು ಇದ್ದ ಹಾಗೆ ಬರೆಯುತ್ತೇನೆ: “ಚಿತ್ರ ನಮ್ಮ ಜಾಗದ್ದೇ ಮೇಡಂ. ಬೇರೆ ಕಡೆಯದ್ದು ಹಾಕಿದ್ದರೆ ನೀವು ಕೇಳಬಹುದಿತ್ತು.” ನೀವು ಮರಳಿದೆ ಎಂದು ಹೇಳಿದಿರಲ್ಲ ಎಂದೆ. “ಮರಳಿದೆ ಎಂದು ನಾವು ಎಲ್ಲಿಯೂ ಬರೆದಿಲ್ಲ ಮೇಡಂ. ಕಡಲು ಹದಿನೈದು ಹೆಜ್ಜೆ ಎಂದಿದ್ದೇವೆ. ಅದಕ್ಕಿಂತ ಹತ್ತಿರವೇ ಇದೆಯಲ್ಲ?” ನನಗೆ ಆ ಕ್ಷಣದಲ್ಲಿ ಮಾತೇ ಹೊರಡಲಿಲ್ಲ. ಸುತ್ತಲೂ ಇತರ ಅತಿಥಿಗಳು ನಿಂತು ನೋಡುತ್ತಿದ್ದರು, ಅವರ ಕಣ್ಣಿಗೆ ನಾನು ಸಣ್ಣ ವಿಷಯಕ್ಕೆ ಜಗಳ ತೆಗೆದ ಹೆಂಗಸಿನಂತೆ ಕಂಡಿರಬೇಕು. ಹದಿನೈದು ಹೆಜ್ಜೆ ಎಂಬ ಮಾತನ್ನು ನನ್ನ ಎದುರಿಗೇ ತಿರುಗಿಸಿ ಹಿಡಿದದ್ದನ್ನು ನಾನು ಮರೆಯಲಾರೆ.

ಕೋಣೆಯ ವಿಷಯವೂ ಇದೇ ರೀತಿಯದು. ಮಲಗಲು ಬೇಕಾದ ವ್ಯವಸ್ಥೆ ಎಂದರೆ ದೊಡ್ಡ ಮಂಚದ ಪಕ್ಕಕ್ಕೆ ಒರಗಿಸಿದ ಎರಡು ಕುರ್ಚಿಗಳು. ಜಗಲಿಯ ಕಟಕಟೆಯ ಸರಳುಗಳ ನಡುವೆ ನನ್ನ ಅಂಗೈ ಅಡ್ಡಲಾಗಿ ಸಲೀಸಾಗಿ ತೂರುತ್ತಿತ್ತು, ಇನ್ನೂ ಜಾಗ ಉಳಿಯುತ್ತಿತ್ತು. ಪುಟ್ಟ ಮಕ್ಕಳು ತೂರಿಕೊಳ್ಳದಿರಲು ಆ ಅಂತರ 10 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಅದಕ್ಕಿಂತ ಭಯವಾದದ್ದು ಈಜುಕೊಳದಿಂದ. ನಮ್ಮ ಬಾಗಿಲಿನಿಂದ ಎಂಟು ಹೆಜ್ಜೆಗೆ ಕೊಳ, ಸುತ್ತಲೂ ಬೇಲಿಯಿಲ್ಲ, ಗೇಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದು ಜಗತ್ತಿನಾದ್ಯಂತ ನಾಲ್ಕನೆಯದು. ಮಕ್ಕಳಿರುವ ಕಡೆ ಕೊಳಕ್ಕೆ ನಾಲ್ಕೂ ಬದಿಗೆ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನಾಗಿಯೇ ಮುಚ್ಚಿಕೊಳ್ಳುವ ಗೇಟು ಇರಬೇಕು ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ಇದನ್ನು ಹೇಳಿದಾಗ ಬಂದ ಉತ್ತರ: “ಬೇಲಿ ಹಾಕಿದರೆ ನೋಟ ಹಾಳಾಗುತ್ತದೆ ಮೇಡಂ.” ಚಿಲಕ ಮಗುವಿನ ಕೈಗೆ ಎಟಕುವಷ್ಟು ಕೆಳಗಿದ್ದುದರಿಂದ ಎರಡು ರಾತ್ರಿ ನಾನು ಬಾಗಿಲಿಗೆ ಸೂಟ್‌ಕೇಸ್ ಅಡ್ಡವಿಟ್ಟು ಮಲಗಿದೆ.

ಐದು ರಾತ್ರಿಗೆ ಹಣ ಕಟ್ಟಿದ್ದೆವು, ಎರಡು ರಾತ್ರಿ ಕಳೆದು ಹೊರಟೆವು. ದ್ವೀಪದ ಇನ್ನೊಂದು ಬದಿಯಲ್ಲಿ, ಗಾಳಿಯ ಹೊಡೆತವಿಲ್ಲದ ಕೊಲ್ಲಿಯಲ್ಲಿ, ಕಡಲಿನಿಂದ ಹತ್ತು ನಿಮಿಷ ಒಳಗಿರುವ ಸಾಧಾರಣ ಕೋಣೆಯೊಂದು ಸಿಕ್ಕಿತು. ಅಲ್ಲಿನ ತೀರದಲ್ಲಿ ಇಳಿತದಲ್ಲೂ ಮರಳಿತ್ತು. ಕಾಲಿಗೆ ಪಟ್ಟಿ ಇದ್ದುದರಿಂದ ನನ್ನ ಮಗಳನ್ನು ನೀರಿಗೆ ಇಳಿಸಲಾಗಲಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು ಅವಳ ಅಂಗೈಗೆ ಮರಳು ಸುರಿಯುತ್ತಾ ಮೂರು ದಿನ ಕಳೆದೆವು.

ಉಳಿದ ಮೂರು ರಾತ್ರಿಯ ಹಣ ಹಿಂತಿರುಗಿಸಲು ಕೇಳಿದ್ದಕ್ಕೆ ವಸತಿಗೃಹ ಬರೆದದ್ದು, ಪ್ರಕೃತಿಯಲ್ಲಾಗುವ ಬದಲಾವಣೆಗಳಿಗೆ ತಾವು ಹೊಣೆಯಲ್ಲ ಎಂದು. ಬುಕಿಂಗ್ ಜಾಲತಾಣ ಬರೆದದ್ದು, ಚಿತ್ರಗಳನ್ನು ಹಾಕುವವರು ವಸತಿಗೃಹದವರು, ತಾವು ಬರೀ ಮಧ್ಯವರ್ತಿಗಳು, ನಾನು ಆರಿಸಿದ್ದು ಹಣ ವಾಪಸಾಗದ ದರ ಎಂದು. ನಾನು ಬೊಡ್ಡೆಯ ಚಿತ್ರದೊಂದಿಗೆ ವಿಮರ್ಶೆ ಬರೆದ ಮೇಲೆ ಮ್ಯಾನೇಜರರೇ ಕರೆ ಮಾಡಿ, ಅದನ್ನು ತೆಗೆದುಹಾಕಿದರೆ ಒಂದು ರಾತ್ರಿಯ ಹಣ ಕೊಡುತ್ತೇವೆ ಎಂದರು. ನಾನು ತೆಗೆದಿಲ್ಲ. ತೆಗೆಯುವುದೂ ಇಲ್ಲ. ಇಂದು ಬೆಳಗ್ಗೆ ನೋಡಿದಾಗಲೂ ಮೊದಲ ಚಿತ್ರದಲ್ಲಿ ಆ ಮರ ನಿಂತೇ ಇತ್ತು.

ಹೊರಡುವ ಯೋಚನೆಯಲ್ಲಿರುವವರಿಗೆ ನನ್ನ ವಿನಂತಿ ಇಷ್ಟೇ. ವಸತಿಗೃಹದವರು ಹಾಕಿದ ಚಿತ್ರಗಳನ್ನು ನೋಡಲೇಬೇಡಿ. ಅತಿಥಿಗಳು ಹಾಕಿದವುಗಳನ್ನು, ಅದರಲ್ಲೂ ಕಳೆದ ಕೆಲವು ತಿಂಗಳಿನವುಗಳನ್ನು ನೋಡಿ. ವಿಮರ್ಶೆಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ, ಕಲ್ಲು, ಬಂಡೆ, ಇಳಿತ ಎಂಬ ಪದಗಳಿಗಾಗಿ ಹುಡುಕಿ. ನಾನು ಹಾಗೆ ಹುಡುಕಿದ್ದು ಹಿಂತಿರುಗಿದ ಮೇಲೆ, ಆಗ ನಾಲ್ಕು ಜನ ಇದನ್ನೇ ಬರೆದಿರುವುದು ಕಂಡಿತು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳೂ ಸಿಗುತ್ತವೆ, ತೀರ ಎಷ್ಟು ಸವೆದಿದೆ ಎಂಬುದು ಅವುಗಳಲ್ಲಿ ಕಾಣುತ್ತದೆ. ನೀವು ಹೋಗುವ ದಿನಾಂಕಗಳ ಉಬ್ಬರವಿಳಿತದ ಪಟ್ಟಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಕಡಲು ಎಷ್ಟು ದೂರ ಎಂದು ಕೇಳಬೇಡಿ. ಇಳಿತದ ಹೊತ್ತಿಗೆ ಮೆಟ್ಟಿಲಿನ ಬಳಿ ನಿಂತು ಇವತ್ತೇ ಒಂದು ವಿಡಿಯೊ ಮಾಡಿ ಕಳುಹಿಸಿ ಎಂದು ಕೇಳಿ. ಕಳುಹಿಸಲು ಹಿಂಜರಿದರೆ ಅಲ್ಲಿಗೆ ಬಿಟ್ಟುಬಿಡಿ. ಕೊಳಕ್ಕೆ ಬೇಲಿ ಇದೆಯೇ, ಇಲ್ಲವೇ. ಕಟಕಟೆಯ ಮಂಚ ಇದೆಯೇ, ಇಲ್ಲವೇ. ವ್ಯವಸ್ಥೆ ಮಾಡುತ್ತೇವೆ ಎಂಬ ಮಾತನ್ನು ಇಲ್ಲ ಎಂದೇ ಓದಿಕೊಳ್ಳಿ.

ಈಗಾಗಲೇ ಬುಕ್ ಮಾಡಿರುವವರು, ದಯವಿಟ್ಟು, ಹಣ ಕಳೆದುಕೊಳ್ಳದೆ ರದ್ದು ಮಾಡಲು ಕೊನೆಯ ದಿನ ಯಾವುದು ಎಂದು ಇವತ್ತೇ ತೆರೆದು ನೋಡಿ, ಆ ದಿನಕ್ಕೆ ಮೊದಲೇ ವಿಡಿಯೊ ತರಿಸಿಕೊಳ್ಳಿ.