ಬಿಳಿ ಹೂವಿನ ಕ್ಲೋಸಪ್‌ಗೆ ಯಾವುದು ವಾಸಿ: ಎರಡು ಟ್ಯೂಬು, ಒಂದು ಮ್ಯಾಕ್ರೋ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕಾಂಟ್ಯಾಕ್ಟ್ (ಕ್ಯಾಮೆರಾ, ಲೆನ್ಸ್ ಮಾತಾಡಿಕೊಳ್ಳೋ ಪಿನ್ನು) ಇರೋ ಎಕ್ಸ್‌ಟೆನ್ಷನ್ ಟ್ಯೂಬಿಗೆ. ಅದಕ್ಕೆ 2,400 ರೂಪಾಯಿ ಕೊಟ್ಟೆ. ಅದಕ್ಕೂ ಮುಂಚೆ 350 ರೂಪಾಯಿಯ ಟ್ಯೂಬ್ ತರಿಸಿ ಒಂದು ಒಳ್ಳೇ ರಾತ್ರಿ ಕಳ್ಕೊಂಡೆ. ಮಧ್ಯೆ ಎರಡು ದಿನ ಹತ್ತಿರದಿಂದ ತೆಗೆಯೋಕೇ ಮಾಡಿದ 100 ಎಂಎಂ ಮ್ಯಾಕ್ರೋ ಲೆನ್ಸನ್ನೂ ಬಾಡಿಗೆಗೆ ತಂದು ನೋಡಿದೆ. ತೆಗೆದಿದ್ದೆಲ್ಲ ಕುವೆಂಪುನಗರದ ನಮ್ಮನೇಲೇ: ಗೇಟಿನ ಪಕ್ಕದ ನಂದಿಬಟ್ಟಲು, ದೇವರಾಜ ಮಾರ್ಕೆಟ್ಟಿಂದ ತಂದ ಮಲ್ಲಿಗೆ, ತಾರಸಿಯ ಬ್ರಹ್ಮಕಮಲ.

ಟ್ಯೂಬಲ್ಲಿ ಗಾಜಿರಲ್ಲ, ಬರೀ ಬಳೆ. ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಕೂರಿಸುತ್ತೆ, ಹಾಗಾಗಿ ಹೂವಿನ ಹತ್ತಿರ ಹೋಗಬಹುದು. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದ್ರೆ ಸೆನ್ಸರ್ ಮೇಲೆ ಹೂವು ಅರ್ಧ ಗಾತ್ರಕ್ಕೆ ಬರುತ್ತೆ. ಬೆಳಕು ಒಂದು ಸ್ಟಾಪಿಗಿಂತ ತುಸು ಜಾಸ್ತಿನೇ ಕಮ್ಮಿಯಾಗುತ್ತೆ (ಒಂದು ಸ್ಟಾಪ್ ಕಮ್ಮಿ ಅಂದ್ರೆ ಬೆಳಕು ಅರ್ಧ). ಎರಡು ಟ್ಯೂಬಿಗೂ ಇದು ಒಂದೇ.

ವ್ಯತ್ಯಾಸ ಇರೋದು ಒಳಗಿನ ಆ ಚಿನ್ನದ ಬಣ್ಣದ ಪಿನ್ನುಗಳಲ್ಲಿ. ನನ್ನ ಕ್ಯಾನನ್ ಲೆನ್ಸಲ್ಲಿ ಅಪರ್ಚರ್ (ಬೆಳಕು ಬಿಡೋ ಕಿಂಡಿ) ತಿರುಗಿಸೋ ರಿಂಗ್ ಇಲ್ಲ, ಕ್ಯಾಮೆರಾನೇ ಆ ಪಿನ್ನುಗಳ ಮೂಲಕ ಹೇಳಬೇಕು. ಅಗ್ಗದ ಟ್ಯೂಬಲ್ಲಿ ಪಿನ್ನೇ ಇಲ್ಲ. ಹಾಕಿದ ಕೂಡಲೇ ಪರದೆ ಮೇಲೆ ‘ಎಫ್ 00’ ಅಂತ ಬಂತು, ಲೆನ್ಸ್ ಪೂರ್ತಿ ತೆರೆದು 1.8ರಲ್ಲೇ ಕೂತುಬಿಡ್ತು.

ಅದರ ಅರ್ಥ ಏನು ಅಂತ ತಿಳಿದಿದ್ದು ಬ್ರಹ್ಮಕಮಲ ಅರಳಿದ ರಾತ್ರಿ. ಹನ್ನೊಂದು ಗಂಟೆಗೆ ಹೂ ಪೂರ್ತಿ ಬಿಚ್ಚಿತ್ತು. ನಡುವೆ ನಕ್ಷತ್ರದ ಹಾಗೆ ಕವಲೊಡೆದ ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ), ಸುತ್ತ ಕೆನೆಬಣ್ಣದ ಕೇಸರಗಳು. ನನಗೆ ಬೇಕಿದ್ದಿದ್ದು ಆ ನಕ್ಷತ್ರ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ರೆ ಒಂದೇ ಒಂದು ಕವಲಿನ ತುದಿ ಚೂಪಾಗಿದೆ, ಪಕ್ಕದ ಕವಲುಗಳೇ ಮಂಜು. ಹಿಂದಿನ ಎಸಳುಗಳಂತೂ ಹಾಲು ಚೆಲ್ಲಿದ ಹಾಗೆ.

ಪಕ್ಕದ ಮನೆ ಆಂಟಿ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ರು. “ಆಯ್ತೇನಪ್ಪಾ, ಬೆಳಗಲಾ?”

“ಇನ್ನೊಂದೈದು ನಿಮಿಷ ಆಂಟಿ.”

ಇದಕ್ಕೊಂದು ಉಪಾಯ ಉಂಟು. ಟ್ಯೂಬ್ ತೆಗೆದು ಲೆನ್ಸನ್ನು ನೇರ ಕ್ಯಾಮೆರಾಗೆ ಹಾಕಿ, ಎಫ್ 11 ಇಟ್ಟು (ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು, ಚೂಪಾಗಿ ಬರೋ ಆಳ ಜಾಸ್ತಿ), ಕಿಂಡಿಯನ್ನು ಆ ಅಳತೆಗೆ ಮುಚ್ಚಿ ತೋರಿಸೋ ಡೆಪ್ತ್ ಆಫ್ ಫೀಲ್ಡ್ ಬಟನ್ ಒತ್ತಿ ಹಿಡಿದೇ ಲೆನ್ಸ್ ಬಿಚ್ಚಬೇಕು. ಅಪರ್ಚರ್ ಅಲ್ಲೇ ನಿಲ್ಲುತ್ತೆ. ನಿಂತಿತು, ಆದ್ರೆ ವ್ಯೂಫೈಂಡರ್ ಕತ್ತಲೆ. ತಂಗಿ ಕೈಲಿ ಮೊಬೈಲ್ ಟಾರ್ಚ್ ಹಿಡಿಸಿ ಫೋಕಸ್ ಮಾಡಿದೆ. ಎಫ್ 8 ಬೇಕು ಅನ್ನಿಸಿದ್ರೆ ಮತ್ತೆ ಎಲ್ಲ ಬಿಚ್ಚಬೇಕು. ಎರಡು ಗಂಟೆ ಹೊತ್ತಿಗೆ ಎಸಳು ಜೋಲೋಕೆ ಶುರುವಾಗಿತ್ತು. ಬೆಳಗಾದ್ರೆ ಮುಗೀತು, ಆ ಹೂವಿಗೆ ಇನ್ನೊಂದು ದಿನ ಇಲ್ಲ. ಮಾರನೇ ದಿನವೇ ಕಾಂಟ್ಯಾಕ್ಟ್ ಇರೋದನ್ನು ಆರ್ಡರ್ ಮಾಡಿದೆ.

ಎಕ್ಸ್‌ಪೋಷರ್ ವಿಷಯದಲ್ಲಿ ಮೂರೂ ಒಂದೇ, ತಪ್ಪು ಮಾಡೋದು ಬೆಳಕು ಅಳೆಯೋ ಕ್ಯಾಮೆರಾದ ಮೀಟರು. ಅದು ಕಂಡಿದ್ದನ್ನೆಲ್ಲ ನಡು ಬೂದುಬಣ್ಣಕ್ಕೆ ಎಳೆಯುತ್ತೆ. ಮಲ್ಲಿಗೆ ಫ್ರೇಮ್ ತುಂಬಿದ್ರೆ ಹಳೇ ಪಂಚೆ ಥರ ಮಾಸಲಾಗುತ್ತೆ, ಆಗ ನಾನು ಪ್ಲಸ್ ಒಂದು, ಅಂದ್ರೆ ಒಂದು ಸ್ಟಾಪ್ ಬೆಳಕು ಜಾಸ್ತಿ, ಕೊಡ್ತೀನಿ. ನಂದಿಬಟ್ಟಲು ತದ್ವಿರುದ್ಧ. ಹೂ ಚಿಕ್ಕದು, ಸುತ್ತ ಕಡುಹಸಿರು ಎಲೆ. ಮೀಟರು ಎಲೆ ನೋಡಿ ಬೆಳಕು ಜಾಸ್ತಿ ಕೊಟ್ಟು ಎಸಳನ್ನು ಸುಟ್ಟುಬಿಡುತ್ತೆ, ಅಲ್ಲಿ ಮೈನಸ್ ಒಂದು. ಬಿಳಿ ಹೂವಿಗೆ ಯಾವಾಗಲೂ ಪ್ಲಸ್ ಅಂತ ನಂಬಿ ನಾನು ಎಷ್ಟೋ ಹೂ ಹಾಳು ಮಾಡಿದೀನಿ. ಆರತಿ ಬೆಳಕಲ್ಲಿ ಇನ್ನೊಂದು ನೋಡಬೇಕು: ಸಾದಾ ಹಿಸ್ಟೋಗ್ರಾಮ್ (ಫೋಟೋದ ಕತ್ತಲೆ-ಬೆಳಕಿನ ನಕ್ಷೆ, ಬಲಕ್ಕೆ ಹೋದಷ್ಟೂ ಬೆಳಕು) ಸರಿ ಇದ್ರೂ ಕೆಂಪು ಬಣ್ಣದ ಚಾನೆಲ್ ಬಲಗೋಡೆಗೆ ಹೊಡೆದಿರುತ್ತೆ, ಎಸಳಿನ ನರಗಳೆಲ್ಲ ಮಾಯ. ಮೂರು ಬಣ್ಣದ ಹಿಸ್ಟೋಗ್ರಾಮನ್ನೇ ಹಾಕ್ಕೊಳ್ಳಿ.

ಮ್ಯಾಕ್ರೋ ಲೆನ್ಸ್ ಚೆನ್ನಾಗಿದೆ. ಹೂವಿಂದ ಗೇಣು ದೂರ ನಿಂತು ಪೂರ್ಣ ಗಾತ್ರದಲ್ಲಿ ತೆಗೀಬಹುದು. ಟ್ಯೂಬಲ್ಲಾದ್ರೆ ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತೆ. ಆದ್ರೆ ಎಸಳಿನ ನಡುವೆ ಫೋಕಸ್ ಪಾಯಿಂಟ್ ಇಟ್ರೆ ಅಷ್ಟು ದುಡ್ಡಿನ ಲೆನ್ಸೂ ಹಿಂದೆ ಮುಂದೆ ಓಡಾಡ್ತಾನೇ ಇರುತ್ತೆ, ಬರೀ ಬಿಳುಪಲ್ಲಿ ಅದಕ್ಕೆ ಹಿಡಿಯೋಕೆ ಏನೂ ಸಿಗಲ್ಲ. ಎಸಳಿನ ಅಂಚೋ, ನಂದಿಬಟ್ಟಲಿನ ನಡುವಿನ ಹಳದಿ ಕಣ್ಣೋ ಬೇಕು. ನಾನು ಹೇಗೂ ಮ್ಯಾನುಯಲ್ಲಲ್ಲಿಟ್ಟು, ಹಿಂಬದಿ ಪರದೆಯ ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ, ಉಸಿರು ಹಿಡಿದು ಮೈಯನ್ನೇ ಹಿಂದೆ ಮುಂದೆ ತೂಗಿ ಫೋಕಸ್ ಮಾಡೋನು. ಹಾಗಿದ್ಮೇಲೆ ಆಟೋಫೋಕಸ್‌ಗೆ ಯಾಕೆ ದುಡ್ಡು?

ಸ್ಕ್ರೂ ಮಾಡೋ ಕ್ಲೋಸಪ್ ಫಿಲ್ಟರ್ ಬೇಡ. ಸ್ನೇಹಿತನದ್ದು ಹಾಕಿ ನೋಡಿದೆ, ಬಿಳಿ ಅಂಚಿಗೆ ನೇರಳೆ ಗೆರೆ.

ನನ್ನದು ಬೆಳಿಗ್ಗೆ ಏಳಕ್ಕೆ, ಬಿಸಿಲು ಏರೋ ಮುಂಚೆ, ಮನೆ ಹೂ ತೆಗೆಯೋ ಅಭ್ಯಾಸ. ಅದಕ್ಕೆ 2,400 ರೂಪಾಯಿ ಧಾರಾಳ ಸಾಕು. ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಮಾತ್ರ ಮ್ಯಾಕ್ರೋನ ಮತ್ತೆ ಬಾಡಿಗೆಗೆ ತರ್ತೀನಿ. ಆ ಜನದ ಮಧ್ಯೆ ಹೂವಿನ ಮೂತಿಗೆ ಲೆನ್ಸ್ ತಗುಲಿಸಿ ನಿಲ್ಲೋಕಾಗಲ್ಲ.