ಟ್ಯೂಬ್ ಸೋಲಾರ್ ಹೀಟರ್: ಕೊಳ್ಳಬೇಕಾದ್ದು ಯಾವುದು, ಕೈಯಾರೆ ಮಾಡಬೇಕಾದ್ದು ಯಾವುದು

ತಾರಸಿಗೆ ಸೋಲಾರ್ ಅಂದ ಕೂಡಲೇ ಕಣ್ಣು ಕರೆಂಟಿನ ಪ್ಯಾನೆಲ್ ಮೇಲೆ ಹೋಗುತ್ತದೆ. ಬಯಲುಸೀಮೆಯ ಮನೆಗೆ ಮೊದಲು ಬರಬೇಕಾದ್ದು 100 ಲೀಟರಿನ ಗಾಜಿನ ಟ್ಯೂಬ್ ಹೀಟರ್, ಅದೂ ಪ್ರೆಶರ್ ಇಲ್ಲದ ಮಾದರಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.65 ಯೂನಿಟ್ ಬೇಕು. ದಿನವೂ ಅಷ್ಟು ನೀರು ಬಳಸುವ ಮನೆಯಲ್ಲಿ ಗೀಸರ್ ಒಂದೇ ತಿಂಗಳಿಗೆ 140 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಗಡಿಯ ಆಚೀಚೆ ಓಲಾಡುವ ಮನೆಗೆ ಹೀಟರ್ ಬೇಗ ಗಿಟ್ಟುತ್ತದೆ. ಈಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ಬರೀ ದುಡ್ಡಿನ ಲೆಕ್ಕಕ್ಕೆ ಇದನ್ನು ಕೊಳ್ಳಬೇಡಿ.

ಮನೆಯಲ್ಲೇ ಮಾಡಿಕೊಳ್ಳುವ ಹೀಟರ್? ಆಗುತ್ತದೆ, ಸಂಜೆಯ ಮಟ್ಟಿಗೆ. 32 ಮಿ.ಮೀ. ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ನಿಲ್ಲುತ್ತದೆ. 50 ಮೀಟರ್ ಪೈಪನ್ನು ತಾರಸಿಯ ಮೇಲೆ ಸುರುಳಿ ಸುತ್ತಿ ಹಾಸಿದರೆ ಒಂದೂವರೆ ಬಕೆಟ್ ಬಿಸಿನೀರು. ಮೇಲಿನ ತುದಿ ಗಾಳಿಗೆ ತೆರೆದಿರಲಿ. ಗಾಜು ಮುಚ್ಚಿ ಇನ್ನಷ್ಟು ಕಾಯಿಸುವ ಆಸೆ ಬೇಡ, ಶಾಖ ಏರಿದಂತೆ ಈ ಪೈಪ್ ಮೆತ್ತಗಾಗಿ ಜೋಡಣೆ ಬಿಟ್ಟುಕೊಳ್ಳುತ್ತದೆ. ಪಾತ್ರೆ ತೊಳೆಯಲು, ಸಂಜೆ ಮಕ್ಕಳ ಸ್ನಾನಕ್ಕೆ ಸಾಕು. ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ತಣ್ಣೀರು. ಬೆಳಗಿನ ಸ್ನಾನಕ್ಕೆ ಬಿಸಿ ಉಳಿಸುವುದು ಸುತ್ತ ಫೋಮ್ ತುಂಬಿದ ಟ್ಯಾಂಕು ಮತ್ತು ಎರಡು ಪದರ ಗಾಜಿನ ನಡುವೆ ನಿರ್ವಾತವಿರುವ ಟ್ಯೂಬು. ಅವೆರಡನ್ನೂ ಕೊಳ್ಳಲೇಬೇಕು.

ಕೊಳ್ಳುವಾಗ ಟ್ಯೂಬಿನ ತಳ ನೋಡಿ. ಅಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪವಿರುತ್ತದೆ. ಅದು ಬೆಳ್ಳಗಾಗಿದ್ದರೆ ನಿರ್ವಾತದೊಳಗೆ ಗಾಳಿ ನುಗ್ಗಿದೆ, ಆ ಟ್ಯೂಬ್ ವಾಪಸ್ ಕೊಡಿ. 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ ಟ್ಯೂಬುಗಳಾದರೆ 100 ಲೀಟರಿಗೆ ಹತ್ತರಷ್ಟು ಬೇಕು. ಬೋರ್‌ವೆಲ್ ನೀರಿನ ಊರಿಗೆ ಇದೇ ವಾಸಿ: ಟ್ಯೂಬಿನ ಬದಲು ಚಪ್ಪಟೆ ತಗಡಿರುವ ಫ್ಲ್ಯಾಟ್ ಪ್ಲೇಟ್ ಹೀಟರಿನ ಸಣ್ಣ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತವೆ, ಅಗಲ ಬಾಯಿಯ ಗಾಜಿನ ಟ್ಯೂಬಿನಲ್ಲಿ ಸುಣ್ಣ ತಳಕ್ಕೆ ಇಳಿಯುತ್ತದೆ. ಟ್ಯೂಬ್ ಬಿಚ್ಚಿ ತೊಳೆದರೆ ಆಯಿತು. ಕೋತಿ ಕಾಟದ ಊರಾದರೆ ಮಾತ್ರ ಮೇಲೊಂದು ಜಾಲರಿಯ ಖರ್ಚು ಸೇರಿಸಿಕೊಳ್ಳಿ. ನೀರು ಉಪ್ಪಾಗಿದ್ದರೆ ಸ್ಟೀಲ್ ಟ್ಯಾಂಕಿಗೂ ತೂತು ಬೀಳಬಹುದು. ಟ್ಯಾಂಕಿನ ಬದಲು ತಾನು ಸವೆದು ಅದನ್ನು ಉಳಿಸುವ ಒಳಗಿನ ಮೆಗ್ನೀಸಿಯಂ ಕಡ್ಡಿ ತೀರಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿ ಬದಲಿಸಿ.

ದೂರುಗಳಲ್ಲಿ ಬಹುಪಾಲು ಹೀಟರಿನವಲ್ಲ, ಪೈಪಿನವು. ಪ್ರೆಶರ್ ಇಲ್ಲದ ಹೀಟರಿಗೆ ನೀರು ತಾನಾಗಿ ಇಳಿದು ಬರಬೇಕು, ಹಾಗಾಗಿ ತಣ್ಣೀರಿನ ಟ್ಯಾಂಕಿನ ತಳ ಬಿಸಿನೀರಿನ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಬಿಸಿನೀರಿನ ಟ್ಯಾಂಕಿನಿಂದ ಮೇಲೇಳುವ ಗಾಳಿ ಪೈಪಿನ ತುದಿ ತಣ್ಣೀರಿನ ಟ್ಯಾಂಕ್ ತುಂಬಿದಾಗಿನ ಮಟ್ಟಕ್ಕಿಂತ ಒಂದಡಿಯಾದರೂ ಎತ್ತರಕ್ಕೆ ಹೋಗಲಿ. ಗಿಡ್ಡವಾದರೆ ಅದರಿಂದ ನೀರು ಸುರಿಯುತ್ತಲೇ ಇರುತ್ತದೆ. ಯಾರಾದರೂ ಅದಕ್ಕೆ ಮುಚ್ಚಳ ಹಾಕಿದರೋ, ಆವಿಗೆ ದಾರಿಯಿಲ್ಲದೆ ಟ್ಯಾಂಕ್ ಉಬ್ಬುತ್ತದೆ, ಇಲ್ಲವೇ ನೀರು ಖಾಲಿಯಾಗುವಾಗ ಒಳಕ್ಕೆ ಕುಸಿಯುತ್ತದೆ. ಪ್ರೆಶರ್ ಪಂಪಿನ ಲೈನನ್ನು ಇದಕ್ಕೆ ಜೋಡಿಸಲೇಬಾರದು.

ಬಿಸಿನೀರಿಗೆ ಸಾದಾ ಪಿವಿಸಿ ಬೇಡ, ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಿಸಿ, ಮೇಲೆ ಫೋಮ್ ತೋಳು ಸುತ್ತಿ. ಒಳಗಾತ್ರ 20 ಮಿ.ಮೀ. ಇರುವ ಪೈಪ್ 15 ಮೀಟರ್ ಓಡಿದರೆ ನಾಲ್ಕೂವರೆ ಲೀಟರಿಗೂ ಹೆಚ್ಚು ತಣ್ಣೀರು ಬಿಟ್ಟ ಮೇಲೆಯೇ ಬಿಸಿ ಬರುವುದು. “ಸೋಲಾರ್ ಕಾಯುತ್ತಿಲ್ಲ” ಎನ್ನುವ ಮನೆಗಳಲ್ಲಿ ಮೊದಲು ಈ ದೂರವನ್ನೇ ಅಳೆಯಬೇಕು. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿದ್ದರೂ ಇದೇ ದೂರು. ಅದಕ್ಕೆ ಮದ್ದು ನೀರು ಹಿಮ್ಮುಖ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್. ಪೈಪ್ ಓಡಿಸುವುದು, ತೋಳು ಸುತ್ತುವುದು ಕೈಗೆ ಬರುವ ಕೆಲಸ, ಇಲ್ಲಿ ಕೂಲಿ ಉಳಿಸಬಹುದು.

ಟ್ಯೂಬ್ ಕೂರಿಸುವಾಗ ರಬ್ಬರ್ ರಿಂಗಿಗೆ ಸೋಪಿನ ನೀರು ಹಚ್ಚಿ ತಿರುಗಿಸುತ್ತಾ ಒಳಗೆ ತಳ್ಳಿ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಪಟ್ಟನೆ ಒಡೆಯುತ್ತದೆ. ಎರಡು ದಿನ ನೀರು ಬಾರದೆ ಟ್ಯಾಂಕ್ ಒಣಗಿ, ಮಧ್ಯಾಹ್ನ ಮೋಟಾರ್ ಹಾಕಿದಾಗ ಆಗುವುದು ಇದೇ. ತುಂಬಿಸುವುದು ರಾತ್ರಿ ಅಥವಾ ನಸುಕಿನಲ್ಲಿ. ಬೇಸಿಗೆಯಲ್ಲಿ ವಾರಗಟ್ಟಲೆ ಊರಿಗೆ ಹೋಗುವವರು ಟ್ಯೂಬುಗಳ ಮೇಲೆ ಟಾರ್ಪಾಲು ಹೊದಿಸಿ ಹೋಗಿ.

ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರಿಂದ ಹೆಚ್ಚೇನೂ ಗಿಟ್ಟದು. ಹಂಡೆ ಒಲೆ ಇದ್ದರೆ ಕೆಡವಬೇಡಿ.

ಮುಂದೆ ಪ್ಯಾನೆಲ್ ಹಾಕುವ ಯೋಚನೆಯಿದ್ದರೆ ಹೀಟರಿಗೆ ತಾರಸಿಯ ಉತ್ತರದ ಬದಿ ಕೊಡಿ, ಮುಖ ದಕ್ಷಿಣಕ್ಕೇ ಇರಲಿ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲಲ್ಲೂ ಒಂದೂವರೆ ಮೀಟರ್ ಎತ್ತರದ ಟ್ಯಾಂಕ್ ಉತ್ತರಕ್ಕೆ ಮೂರೂವರೆ ಅಡಿಗೂ ಹೆಚ್ಚು ನೆರಳು ಚೆಲ್ಲುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಪ್ಯಾನೆಲಿನ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಜಾಗ ಬಿಡಿ, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಎರಡು ಕಿಲೋವ್ಯಾಟ್‌ವರೆಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಗೆ 78,000 ಗರಿಷ್ಠ. ಆ ಹಣ ಬೇಕಿದ್ದರೆ ಪ್ಯಾನೆಲಿನ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದಾಗಿರಬೇಕು. ಪ್ಯಾನೆಲಿನ ಕರೆಂಟನ್ನು ಲೈನಿಗೆ ಸೇರಿಸುವ, ಬ್ಯಾಟರಿ ಇಲ್ಲದ ಗ್ರಿಡ್ ಇನ್ವರ್ಟರ್ ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಕಂಬದ ಮೇಲಿನ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು. ಕರೆಂಟ್ ಹೋದಾಗ ದೀಪ ಬೇಕೆನ್ನುವವರು ಬ್ಯಾಟರಿಗೆ ಪ್ರತ್ಯೇಕ ಲೆಕ್ಕ ಹಾಕಿಕೊಳ್ಳಲಿ.